ಹಾಡಿನ ಹಿಂದೆ – 6: ದನಿ ಯಾರದು?

ಫೋಟೋದಲ್ಲಿರೋದು ನಮ್ಮ ದೊಡ್ಡಪ್ಪನ ಟೇಪ್‌ರೆಕಾರ್ಡರ್. ಈಗ ಓಡಲ್ಲ. ಪಕ್ಕದ ಕ್ಯಾಸೆಟ್ ಮೇಲೆ ಪೆನ್ನಲ್ಲಿ ಬರೆದಿರೋದು ಬರೀ ‘ರಾಜ್’ ಅಂತ. ಒಳಗಿರೋ ಹಾಡುಗಳಲ್ಲಿ ಮುಕ್ಕಾಲು ಪಾಲು ಹಾಡಿದ್ದು ಪಿ.ಬಿ. ಶ್ರೀನಿವಾಸ್. ಆದರೆ ಸೊಕ್ಕೆಯಲ್ಲಿ ಯಾರನ್ನ ಕೇಳಿದರೂ ಅವು ‘ಅಣ್ಣಾವ್ರ ಹಾಡು’. ಮೊನ್ನೆ ಮೊನ್ನೆವರೆಗೂ ನನಗೂ ಅಷ್ಟೇ.

ನನ್ನ ಹಳೇ ಫಾಲೋವರ್ಸ್‌ಗೆ ಗೊತ್ತು, ನಾನೂ ನನ್ನ ಗೆಳೆಯನೂ ಎರಡು ವರ್ಷ ಜೋಡಿಯಾಗಿ ರೀಲ್ಸ್ ಮಾಡ್ತಿದ್ವಿ. ಗೊತ್ತಿಲ್ಲದ್ದು ಇಷ್ಟೇ: ಹಾಡ್ತಿದ್ದದ್ದು ನಾನು, ತುಟಿ ಆಡಿಸ್ತಿದ್ದದ್ದು ಅವನು. ಕ್ಯಾಮೆರಾ ಕಂಡ್ರೆ ನನಗೆ ಬೆವರು. ಮಾರ್ಚಲ್ಲಿ ಒಂದಿನ ಜಗಳೂರು ಬಸ್‌ಸ್ಟ್ಯಾಂಡಲ್ಲಿ, “ಈ ಸಲ ನಾನೇ ಹಾಡಿ ನೋಡ್ತೀನಿ ಕಣೋ” ಅಂದ. ಹಾಡಿದ. ಚೆನ್ನಾಗೇ ಹಾಡಿದ. ಅದೇ ಕಷ್ಟ ಆಗಿದ್ದು. ಕೆಟ್ಟದಾಗಿ ಹಾಡಿದ್ದರೆ ಬೈಯಬಹುದಿತ್ತಲ್ಲ!

ಮೂರು ತಿಂಗಳು ನಾನು ಬಾಯೇ ಬಿಡಲಿಲ್ಲ. ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸೂ ಹಳ್ಳ ಹಿಡೀತು. ಬಚ್ಚಲಲ್ಲೂ ಹಾಡು ಕೇಳ್ತಿಲ್ಲ ಅಂತ ಅಮ್ಮನಿಗೆ ಗಾಬರಿ.

ಆಗ ಈ ಕ್ಯಾಸೆಟ್ ಕೈಗೆ ಸಿಕ್ಕಿ ಪಿಬಿಎಸ್ ಬಗ್ಗೆ ಓದೋಕೆ ಶುರು ಮಾಡಿದೆ. ಮೊದಲ ವಿಷಯಕ್ಕೇ ನಗು ಬಂತು, ಅವರೂ ಬಿ.ಕಾಂ! 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದವರು, ಮನೆಮಾತು ತೆಲುಗು. 1952ರ ಹಿಂದಿ ಸಿನಿಮಾ ‘ಮಿಸ್ಟರ್ ಸಂಪತ್’ನಲ್ಲಿ ಹಾಡೋ ಅವಕಾಶ ಸಿಕ್ತು. ಕನ್ನಡಕ್ಕೆ ಬಂದು ರಾಜ್‌ಕುಮಾರ್‌ಗೆ ದನಿಯಾದರು. 1960ರ ‘ಭಕ್ತ ಕನಕದಾಸ’ದಿಂದ ಮುಂದೆ ಹತ್ತು ಹನ್ನೆರಡು ವರ್ಷ ಒಬ್ಬರನ್ನ ಬಿಟ್ಟು ಇನ್ನೊಬ್ಬರಿಲ್ಲ. ರಾಜ್ ಶರೀರ, ಪಿಬಿಎಸ್ ಶಾರೀರ ಅನ್ನೋ ಮಾತು ಮನೆಮನೆ ಮಾತಾಯ್ತು.

1974. ‘ಎರಡು ಕನಸು’ ಬಂತು, ರಾಜನ್-ನಾಗೇಂದ್ರ ಸಂಗೀತ, ಪಿಬಿಎಸ್ ದನಿ ಇನ್ನೂ ಬೆಣ್ಣೆ. ಅದೇ ವರ್ಷ ‘ಸಂಪತ್ತಿಗೆ ಸವಾಲ್’ ಕೂಡ ಬಂತು. ಅದರಲ್ಲಿ ಎಮ್ಮೆ ಮೇಲೆ ಕೂತು ಹಾಡೋ ಹಾಡನ್ನ ಜಿ.ಕೆ. ವೆಂಕಟೇಶ್ ರಾಜ್ ಕೈಲೇ ಹಾಡಿಸಿದರು. ಜನ ಮುಗಿಬಿದ್ದರು. ಮರುವರ್ಷ ‘ಮಯೂರ’ದಲ್ಲೂ ರಾಜ್ ದನಿ. ಅಲ್ಲಿಂದ ಮುಂದೆ ಅಣ್ಣಾವ್ರಿಗೆ ಅಣ್ಣಾವ್ರೇ ಹಾಡಿದರು. ಅತ್ತ ತಮಿಳಲ್ಲಿ ಜೆಮಿನಿ ಗಣೇಶನ್‌ಗೆ ಪಿಬಿಎಸ್ಸೇ ದನಿ ಆಗಿದ್ರು. ಅಲ್ಲೂ 1969ರ ‘ಶಾಂತಿ ನಿಲಯಂ’ ಹೊತ್ತಿಗೆ ಎಸ್‌ಪಿಬಿ ಬಂದಾಗಿತ್ತು.

ಇದರಲ್ಲಿ ವಿಲನ್ ಯಾರು ಅಂತ ತುಂಬಾ ಹುಡುಕಿದೆ, ನಿಜ ಹೇಳ್ತೀನಿ, ನನಗೆ ಒಬ್ಬ ವಿಲನ್ ಬೇಕಾಗಿತ್ತು. ಸಿಗಲಿಲ್ಲ. ಪಿಬಿಎಸ್ ಜೋಡಿ ಬಿಟ್ಟು ಹೋದವರಲ್ಲ. ರಾಜ್ ಕಂಪನಿ ನಾಟಕದಿಂದ ಬಂದವರು, ಸ್ಟೇಜ್ ಮೇಲೆ ಮೊದಲಿಂದ ಹಾಡಿದವರು. ತನ್ನ ಗಂಟಲಲ್ಲಿ ತಾನು ಹಾಡಿದ್ದು ತಪ್ಪಾ?

ಆದರೂ ಪಿಬಿಎಸ್‌ಗೆ ಏನೂ ಅನಿಸಿರಲ್ಲ ಅಂತ ಬರೆಯೋಕೆ ನನಗೆ ಮನಸಿಲ್ಲ. ನಲವತ್ತನಾಲ್ಕರ ಆಸುಪಾಸು, ಗಂಟಲು ಚೆನ್ನಾಗಿರುವಾಗಲೇ ರೆಕಾರ್ಡಿಂಗಿಗೆ ಕರೆಯೋದು ಕಮ್ಮಿ ಆದ್ರೆ? ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಲ್ಲಿ ಅವರನ್ನ ನೋಡಿದವರು ಹೇಳೋದು ಒಂದೇ ಚಿತ್ರ: ಜೇಬು ತುಂಬಾ ಬಣ್ಣಬಣ್ಣದ ಪೆನ್ನು, ಮುಂದೆ ಕಾಗದ, ಎಂಟು ಭಾಷೆಯಲ್ಲಿ ಕವಿತೆ. 2008ರಲ್ಲಿ ಆ ಹೋಟೆಲೂ ಮುಚ್ಚಿತು. 2013ರ ಏಪ್ರಿಲ್ 14ರಂದು ಅವರು ಹೋದರು. ಹಾಡೋ ಕೆಲಸ ಕಮ್ಮಿಯಾದ ಮೇಲೆ ಕಳೆದದ್ದು ಸುಮಾರು ನಲವತ್ತು ವರ್ಷ. ನಾನು ಮೂರು ತಿಂಗಳಿಗೇ ಮುಖ ಊದಿಸಿಕೊಂಡು ಕೂತಿದ್ದೆ.

ನಿನ್ನೆ ರಾತ್ರಿ ಅವನ ವಾಯ್ಸ್ ನೋಟ್ ಬಂತು. ಚರಣದಲ್ಲಿ ಮೇಲಿನ ಸ್ವರ ಮುಟ್ಟೋಕಾಗ್ತಿಲ್ಲ, ಏನ್ ಮಾಡ್ಲಿ ಅಂತ. ಅರ್ಧ ಗಂಟೆ ಹಾಗೇ ಬಿಟ್ಟೆ, ಬೇಕಂತಲೇ. ಆಮೇಲೆ ‘ಶ್ರುತಿ ಒಂದು ಮನೆ ಇಳಿಸು’ ಅಂತ ಕಳಿಸಿದೆ.

ಈ ಸಲ ಊರ ಗಣೇಶನ ಸ್ಟೇಜಲ್ಲಿ ‘ಎರಡು ಕನಸು’ ಹಾಡು ಹಾಡೋಕೆ ಹೆಸರು ಕೊಟ್ಟಿದ್ದೀನಿ. ಮುಖ ತೋರಿಸಿಯೇ ಹಾಡ್ಬೇಕು, ಬೇರೆ ದಾರಿ ಇಲ್ಲ. ವಿಡಿಯೋ ಮಾಡೋಕೆ ಅವನೇ ಬರ್ತೀನಿ ಅಂದಿದ್ದಾನೆ.