ಪದಾತಿಯ ಪದವಿ

ಚದುರಂಗದಲ್ಲಿ ಎರಡು ಬಗೆಯ ರಸಿಕರುಂಟು. ಎದುರಾಳಿಯನ್ನು ಸೋಲಿಸಿ ಸಂತೋಷಪಡುವವರು ಒಂದು ಬಗೆ. ಆಟದ ಕೊನೆಯ ಘಟ್ಟವನ್ನು ಮನಸ್ಸಿನಲ್ಲಿಯೇ ಕಲ್ಪಿಸಿ, ನಾಲ್ಕಾರು ಕಾಯಿಗಳನ್ನು ಮಾತ್ರ ನಿಲ್ಲಿಸಿ, ಅದರಲ್ಲಿ ಅಡಗಿರುವ ಒಂದೇ ದಾರಿಯನ್ನು ಹುಡುಕುವವರು ಇನ್ನೊಂದು ಬಗೆ. ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಾರಿ ಮಾತ್ರ ಮೆಟ್ಟುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಎರಡನೆಯ ಬಗೆಗೆ ಸಮೀಪದವರು. ನಾನೂ ಈ ಪಂಗಡದ ಬಡ ಸದಸ್ಯನೇ. “ಯಾರೂ ಆಡದ ಆಟವನ್ನು ಗೆದ್ದರೆ ಬಂದ ಲಾಭವೇನು?” ಎಂದು ಕೇಳುವವರಿಗೆ ನಾನು ಕೊಡುವ ನಿದರ್ಶನ ಒಂದೇ.

1895ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾರಪತ್ರಿಕೆಯೊಂದರಲ್ಲಿ ಬಾರ್ಬಿಯೇ ಎಂಬುವರು ಒಂದು ಸಮಸ್ಯೆಯನ್ನು ಪ್ರಕಟಿಸಿದರು. ಬಿಳಿಯ ಕಡೆ ರಾಜ, ಒಂದು ಪದಾತಿ. ಕರಿಯ ಕಡೆ ಮೂಲೆಯಲ್ಲಿ ರಾಜ, ಬಯಲಿನಲ್ಲಿ ಒಂದು ಆನೆ. ಪದಾತಿಗೆ ಕೊನೆಯ ಸಾಲು ಒಂದೇ ಹೆಜ್ಜೆ. ಆನೆಯು ಬಿಳಿಯ ರಾಜನನ್ನು ಮೇಲಿಂದ ಮೇಲೆ ಕಾಡುತ್ತದೆ. ರಾಜನು ಮನೆಯಿಂದ ಮನೆಗೆ ಇಳಿಯುತ್ತ ಪಾರಾಗುತ್ತಾನೆ. ಆಗ ಆನೆಯದು ಕಡೆಯ ಉಪಾಯ. ಪದಾತಿ ಮಂತ್ರಿಯಾದೊಡನೆ ಅದು ತಾನೇ ಬಲಿಯಾಗಿ ಮುಂದೆ ನಿಲ್ಲುತ್ತದೆ. ಹೊಡೆಯದಿದ್ದರೆ ಮಂತ್ರಿ ಹೋಗುತ್ತಾನೆ. ಹೊಡೆದರೆ ಕರಿಯ ರಾಜನಿಗೆ ಅಪಾಯವೂ ಇಲ್ಲ, ಕಾಲಿಡಲು ಮನೆಯೂ ಇಲ್ಲ. ನಿಯಮದಂತೆ ಆಟ ಸಮ. ಸಮವೆಂದೇ ಬಾರ್ಬಿಯೇ ತೀರ್ಮಾನಿಸಿದ್ದರು.

ಆ ಊರಿನಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಫರ್ನಾಂಡೊ ಸಾವೇದ್ರ ಇದನ್ನು ಒಪ್ಪಲಿಲ್ಲ. ಪದಾತಿ ಮಂತ್ರಿಯಾಗಬಾರದು, ಆನೆಯಾಗಬೇಕು ಎಂದರು! ಆನೆಯ ಶಕ್ತಿ ಕಡಮೆಯಾದುದರಿಂದಲೇ ಕರಿಯ ರಾಜನಿಗೆ ಒಂದು ಮನೆ ತೆರವಾಗುತ್ತದೆ; ಬಲಿಯ ಉಪಾಯ ಬರಿದಾಗುತ್ತದೆ. ಮೂಲೆಯಲ್ಲಿಯೇ ಬರಲಿರುವ ಮೃತ್ಯುವನ್ನು ತಡೆಯಲು ಕರಿಯ ಆನೆ ಅಂಚಿಗೆ ಓಡಬೇಕು. ಬಿಳಿಯ ರಾಜನು ಒಂದು ಮನೆ ಸರಿದನೆಂದರೆ ಆನೆಗೂ ಅದರ ಒಡೆಯನಿಗೂ ಏಕಕಾಲದಲ್ಲಿ ಆಪತ್ತು. ಎರಡನ್ನೂ ಉಳಿಸುವ ನಡೆಯಿಲ್ಲ.

ನಮ್ಮ ಹಳೆಯ ಆಟದಲ್ಲಿ ಪದಾತಿ ಯಾವ ಸಾಲಿನ ತುದಿಯನ್ನು ಮುಟ್ಟಿತೋ ಆ ಸಾಲಿನ ಕಾಯಿಯಾಗುವ ವಾಡಿಕೆ. ಪಾಶ್ಚಾತ್ಯರ ಆಟದಲ್ಲಿ ಪದವಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟು; ಆದರೆ ಸ್ವಾತಂತ್ರ್ಯವುಳ್ಳವರ ಕೈ ಮಂತ್ರಿಯ ಕಡೆಗೇ ಹೋಗುತ್ತದೆ. ಈ ರಚನೆಯ ಸೊಗಸು ಅಲ್ಲಿಯೇ ಇದೆ. ಒಳ್ಳೆಯ ಸಮಸ್ಯಾಪೂರಣದಲ್ಲಿ ಒಂದಕ್ಷರವೂ ಹೆಚ್ಚಿಲ್ಲದಂತೆ ಇಲ್ಲಿ ಒಂದು ಕಾಯಿಯೂ ಹೆಚ್ಚಿಲ್ಲ. ಕೊನೆಯ ಮಾತು ಮಾತ್ರ ಯಾರೂ ನಿರೀಕ್ಷಿಸದುದು.

ಹಿಂದಿನ ವರುಷ ನನ್ನ ಮಗನು ದೊಡ್ಡ ಸಂಬಳದ ಕೆಲಸವೊಂದನ್ನು ಒಲ್ಲೆನೆಂದು, ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗುವೆನೆಂದನು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನು ಉತ್ತರ ಕೊಡುವ ಮುನ್ನ ಈ ನಾಲ್ಕು ಕಾಯಿಗಳ ಮುಂದೆ ಬಹಳ ಹೊತ್ತು ಕುಳಿತಿದ್ದೆನು. ಬಾಳು ಚದುರಂಗವಲ್ಲ, ಒಂದೇ ಸರಿಯಾದ ನಡೆಯೆಂಬುದು ಅಲ್ಲಿ ವಿರಳ. ಆದರೂ ದೊಡ್ಡದೇ ಸರಿಯಾದುದೆಂಬ ನಂಬಿಕೆ ಆ ರಾತ್ರಿ ನನ್ನಲ್ಲಿ ಸಡಿಲವಾಯಿತು. ಬೆಳಗ್ಗೆ ಅವನ ತಾಯಿಯ ಎದುರಿಗೇ “ಹೋಗಿ ಬಾ, ಮಗು” ಎಂದೆನು.