ನಂದಿಯ ಕಲ್ಲಿನ ಬರಹ

ಈಜಿಪ್ಟ್ ದೇಶದ ಪ್ರಾಚೀನ ದೇವಾಲಯಗಳನ್ನು ನೋಡಿಬಂದ ನಮ್ಮ ಬಂಧುಗಳು ಅಲ್ಲಿಯ ಮಾರ್ಗದರ್ಶಕರನ್ನು ಬಾಯ್ತುಂಬ ಹೊಗಳುವುದುಂಟು. ಗೋಡೆಯ ಮೇಲಿನ ಚಿತ್ರಲಿಪಿಗೆ ಬೆರಳು ತೋರಿ, ಇದು ಇಂಥ ಅರಸನ ಹೆಸರು, ಇದು ಇಂಥ ಕಾಣಿಕೆ ಎಂದು ವಿವರಿಸುವರಂತೆ. ಸುಮಾರು 1,400 ವರ್ಷಗಳ ಕಾಲ ಆ ಲಿಪಿಯನ್ನು ಓದಬಲ್ಲವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. 1822ರಲ್ಲಿ ಶಾಂಪೋಲಿಯನ್ ಎಂಬ ಫ್ರೆಂಚ್ ವಿದ್ವಾಂಸನು ಅದರ ಕೀಲಿಯನ್ನು ಕಂಡುಕೊಂಡ ಮೇಲೆಯೇ ಆ ಗೋಡೆಗಳು ಮಾತನಾಡತೊಡಗಿದವು. ನಮ್ಮ ಕನ್ನಡ ಶಾಸನಗಳಿಗೆ ಅಂಥ ದುರ್ಗತಿ ಒದಗಲಿಲ್ಲ. ಆದರೂ ನಾವು ಅವುಗಳ ಮುಂದೆ ಕಾಯಿ ಒಡೆದು, ಪ್ರಸಾದ ಸ್ವೀಕರಿಸಿ, ಓದದೆಯೇ ಹಿಂದಿರುಗುತ್ತೇವೆ.

ಈಚೆಗೆ ಕೆಲವು ಸದ್ಭಕ್ತ ಕುಟುಂಬಗಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೈಗೊಂಡ ಒಂದು ದಿನದ ಯಾತ್ರೆಯಲ್ಲಿ ನಾನೂ ಜೊತೆಗೂಡಿದ್ದೆನು. ಇಷ್ಟಲಿಂಗಧಾರಿಗಳಾದ ನಮಗೆ ಸ್ಥಾವರದ ಹಂಗಿಲ್ಲವೆಂಬುದು ದಿಟ; ಪೂರ್ವಜರ ಕೈಕೆಲಸವನ್ನು ಕಣ್ತೆರೆದು ನೋಡಲು ಅದೇನೂ ಅಡ್ಡಿಯಲ್ಲ.

ಬೆಳಗಿನ ಹೊತ್ತಿಗೆ ನಂದಿಗ್ರಾಮದ ಭೋಗನಂದೀಶ್ವರನ ಸನ್ನಿಧಿಗೆ ತಲುಪಿದೆವು. ಮಾರ್ಗದರ್ಶಕನು ಉತ್ಸಾಹಿ ತರುಣ. ಅರುಣಾಚಲೇಶ್ವರನು ಶಿವನ ಬಾಲ್ಯ, ಭೋಗನಂದೀಶ್ವರನು ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನು ವೈರಾಗ್ಯ ಎಂದು ಸೊಗಸಾಗಿ ಬಣ್ಣಿಸಿದನು. ನಡುವಣ ಉಮಾಮಹೇಶ್ವರ ಗುಡಿಯ ಮುಂದಿನ ಕಲ್ಯಾಣಮಂಟಪದಲ್ಲಿ ನಾಲ್ಕು ಕರಿಗಲ್ಲಿನ ಕಂಬಗಳಿವೆ. ಶಿವಪಾರ್ವತಿಯರು, ಬ್ರಹ್ಮಸರಸ್ವತಿಯರು, ವಿಷ್ಣುಲಕ್ಷ್ಮಿಯರು, ಅಗ್ನಿಸ್ವಾಹಾದೇವಿಯರು ಅಲ್ಲಿ ದಂಪತಿಗಳಾಗಿ ನಿಂತಿದ್ದಾರೆ. ಗಿಳಿ, ಬಳ್ಳಿ, ಸರಿಗೆಯಂಥ ನವುರು ಕೆತ್ತನೆ. ಶಿಲ್ಪಿಯ ತಾಳ್ಮೆಗೆ ಶರಣು ಎನ್ನಬೇಕು.

ಅಷ್ಟರಲ್ಲಿ ನಮ್ಮ ತಂಡದ ಹುಡುಗಿಯೊಬ್ಬಳು, “ತಾತ, ಇದನ್ನೆಲ್ಲ ಕಟ್ಟಿಸಿದವರು ಯಾರು?” ಎಂದಳು. “ಚೋಳರು” ಎಂದು ಮಾರ್ಗದರ್ಶಕನು ಒಂದೇ ಮಾತಿನಲ್ಲಿ ಮುಗಿಸಿದನು. ಚೋಳರ ಕೈ ಇಲ್ಲಿ ಇದೆ, ಸುಳ್ಳಲ್ಲ. ಗಂಗರ, ಹೊಯ್ಸಳರ, ವಿಜಯನಗರದ ಅರಸರ ಕೈಯೂ ಇದೆ. ಆದರೆ ಮೊದಲ ಮಾತು ಬೇರೆಯವರದು. ಕ್ರಿ.ಶ. 806ರ ಶಾಸನವು ನೊಳಂಬ ಅರಸನ ದತ್ತಿಯನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, 810ರ ಸುಮಾರಿನ ತಾಮ್ರಶಾಸನವು ಬಾಣ ವಿದ್ಯಾಧರನ ಅರಸಿ ರತ್ನಾವಳಿಯು ಇಲ್ಲಿ ಶಿವಾಲಯ ಕಟ್ಟಿಸಿದಳೆಂದು ಹೆಸರಿಟ್ಟು ಸ್ಮರಿಸುತ್ತದೆ. ಕಲ್ಯಾಣದ ಶರಣರಿಗಿಂತ ಮುನ್ನೂರು ವರ್ಷಕ್ಕೂ ಹಿಂದಿನ ಸಂಗತಿಯಿದು.

“ಒಬ್ಬ ಹೆಂಗಸು ಕಟ್ಟಿಸಿದ್ದೇ!” ಎಂದು ಆಕೆಯ ತಾಯಿ ಬೆರಗಾದರು. ಹಿಂದೆ ಉಳಿದಿದ್ದ ತಾಯಂದಿರೆಲ್ಲ ಹತ್ತಿರ ಬಂದರು. ಪುಷ್ಕರಿಣಿ ನೋಡಲು ಇಟ್ಟಿದ್ದ ಅರ್ಧ ಗಂಟೆ ಕಲ್ಲುಗಳ ಮೇಲೆ ಅಕ್ಷರ ಹುಡುಕುವುದರಲ್ಲಿಯೇ ಕಳೆಯಿತು. ನನಗೇನೂ ಬೇಸರವಾಗಲಿಲ್ಲ, ಪುಷ್ಕರಿಣಿ ಎಲ್ಲಿಗೂ ಹೋಗದು. ಮಾರ್ಗದರ್ಶಕನೂ ಚೀಟಿಯೊಂದರಲ್ಲಿ ರತ್ನಾವಳಿಯ ಹೆಸರು ಬರೆದುಕೊಂಡನು. ಕಥೆಯನ್ನು ಕೈಬಿಡಬೇಡ, ಅದರ ಪಕ್ಕದಲ್ಲಿ ಈ ಹೆಸರನ್ನೂ ಇರಿಸು ಎಂದೆನು.

ಮುಂದೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ವಿದುರನು ನೆಟ್ಟುದೆಂದು ಜನ ನಂಬಿದ್ದ ಅಶ್ವತ್ಥವು 2001ರಲ್ಲಿ ಉರುಳಿತು. ನಾಗಶಿಲೆಗಳ ಸಾಲು ಉಳಿದಿದೆ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಗುಂಡು ಹಾರಿದುದು ಇಲ್ಲಿಯೇ. ಅಂದು ಮಡಿದವರ ಸ್ಮಾರಕದ ಮುಂದೆ ಎಲ್ಲರೂ ಮೌನವಾಗಿ ನಿಂತೆವು.

ಮಧ್ಯಾಹ್ನ ಶಿಡ್ಲಘಟ್ಟವನ್ನು ಹಾದೆವು. ರೇಷ್ಮೆಗೂಡಿನ ವ್ಯಾಪಾರದಿಂದ ಊರು ಗಿಜಿಗುಟ್ಟುತ್ತಿತ್ತು. ಪಾಪಾಗ್ನಿ ನದಿ ಹುಟ್ಟುವ ತಲಕಾಯಲಬೆಟ್ಟ ಇದೇ ತಾಲ್ಲೂಕಿನಲ್ಲಿದೆ. ಹೊತ್ತು ಸಾಲದೆ ಅಲ್ಲಿಗೆ ಹೋಗಲಿಲ್ಲ.

ಸಂಜೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರ. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಸ್ಥಳಪುರಾಣ. ಅದಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಬಳೆ ಮಾರುತ್ತಿದ್ದು ಯೋಗಿಯಾದ ನಾರಣಪ್ಪ ತಾತಯ್ಯನವರ ನೆನಪು. ತೆಲುಗು ಕನ್ನಡಗಳೆರಡರಲ್ಲಿಯೂ ಅವರು ಹಾಡಿದರು. ಅವರ ಪದಗಳು ಜನರ ನಾಲಗೆಯ ಮೇಲೆಯೇ ಉಳಿದು ಬಂದಿವೆ. ನಂದಿಯ ಅರಸಿಗೆ ಆ ಭಾಗ್ಯ ದೊರೆಯಲಿಲ್ಲ. ತಾಮ್ರದ ಹಲಗೆಯಷ್ಟೇ ಆಕೆಯನ್ನು ಕಾಪಾಡಿತು.

ನಂದಿಗೆ ಹೋಗುವ ಬಂಧುಗಳು ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲಿನಲ್ಲಿ ಹೋಗುವುದು ಲೇಸು. ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರಗಳು ಕಾಣವು. ಬರಹದ ಮೇಲೆ ಅರಿಸಿನ, ಎಣ್ಣೆ ಸವರದಿರಿ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಯದು. ಈ ನಾಲ್ಕೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಹೊರಡುವ ಮುನ್ನ ಗ್ರಂಥಾಲಯದಲ್ಲಿ ಮಕ್ಕಳೊಡನೆ ಅದನ್ನೊಮ್ಮೆ ತಿರುವಿ ನೋಡಿರಿ.