ಗಂಗೊಳ್ಳಿಗೆ ಹೊರಡುವ ಮುನ್ನ

ಗಂಗೊಳ್ಳಿಗೆ ಹೋಗಿ ಬರಬೇಕೆಂಬ ನನ್ನ ಸಂಕಲ್ಪವನ್ನು ಆಪ್ತರ ಮುಂದೆ ಪ್ರಕಟಿಸಿದಾಗಲೆಲ್ಲ ನನಗೆ ದೊರೆಯುವ ಪ್ರತ್ಯುತ್ತರವು ಪ್ರಶ್ನೆಯ ರೂಪದಲ್ಲಿಯೇ ಇರುತ್ತದೆ: “ಅಲ್ಲೇನಿದೆ?” ಉಡುಪಿಗೆ ಹೊರಟೆನೆಂದರೆ ಯಾರೂ ಹೀಗೆ ಕೇಳುವವರಲ್ಲ, ಅಲ್ಲಿ ಕೃಷ್ಣನಿದ್ದಾನೆ. ಕೊಲ್ಲೂರಿನಲ್ಲಿ ಮೂಕಾಂಬಿಕೆಯಿದ್ದಾಳೆ, ಮುರುಡೇಶ್ವರದಲ್ಲಿ ಮುಗಿಲಿಗೆ ತಲೆಯೆತ್ತಿ ಕುಳಿತ ಶಿವನಿದ್ದಾನೆ. ನಮ್ಮವರಲ್ಲಿ ಪ್ರಯಾಣವೆಂದರೆ ಒಂದೋ ತೀರ್ಥಯಾತ್ರೆ, ಇಲ್ಲವೇ ಬಂಧುಗಳ ಮನೆಯ ಮದುವೆ, ಅದೂ ಅಲ್ಲವಾದರೆ ನ್ಯಾಯಾಲಯದ ವಾಯಿದೆ. ಈ ಮೂರಕ್ಕೂ ಸೇರದ ಊರಿಗೆ ಮನುಷ್ಯನು ತನ್ನ ಸ್ವಂತ ಹಣವನ್ನು ವ್ಯಯಿಸಿ ಹೋಗುವುದುಂಟೆಂಬುದನ್ನು ಒಪ್ಪಿಸುವುದು ಸುಲಭವಲ್ಲ. “ಮೀನಿದೆ” ಎಂದು ಸತ್ಯವನ್ನೇ ನುಡಿದುಬಿಟ್ಟರೆ, ಮೀನನ್ನು ಮುಟ್ಟದ ಮನೆತನದವನಾದ ನನ್ನ ಮುಖವನ್ನು ಅವರು ಒಮ್ಮೆ ನಿರೀಕ್ಷಿಸಿ, ಬೇರೆ ಮಾತಿಗೆ ತಿರುಗಿಕೊಳ್ಳುತ್ತಾರೆ.

ಭೂಪಟವನ್ನು ಬಿಡಿಸಿ ನೋಡಿದವನಿಗಾದರೋ ಈ ಊರಿನ ಆಕರ್ಷಣೆ ಒಡನೆಯೇ ತಿಳಿದೀತು. ಸಹ್ಯಾದ್ರಿಯಿಂದ ಇಳಿದು ಬಂದ ವಾರಾಹಿ, ಚಕ್ರಾ, ಸೌಪರ್ಣಿಕಾ ಮೊದಲಾದ ಐದು ನದಿಗಳು ಒಂದುಗೂಡಿ, ಪಂಚಗಂಗಾವಳಿಯೆಂಬ ಹೆಸರನ್ನು ತಳೆದು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಡಗಣ ದಡದಲ್ಲಿ ಗಂಗೊಳ್ಳಿಯಿದೆ. ತೆಂಕಣ ದಡದಲ್ಲಿ ಕೋಡಿ, ಒಳನೀರಿನ ಆಚೆಗೆ ಕುಂದಾಪುರ. ಈ ಐದರಲ್ಲಿ ಸೌಪರ್ಣಿಕೆಯ ನಡೆಯು ಬಲು ವಿಲಕ್ಷಣವಾದುದು. ಕೊಡಚಾದ್ರಿಯ ಮಡಿಲಲ್ಲಿ ಹುಟ್ಟಿ, ಕೊಲ್ಲೂರನ್ನು ಹಾದು, ಮರವಂತೆಯಲ್ಲಿ ಸಮುದ್ರದ ಮಗ್ಗುಲಿಗೇ ಬಂದು ನಿಂತು, ನಡುವೆ ಹೆದ್ದಾರಿಯೊಂದು ಹಾಯುವಷ್ಟು ನೆಲವು ಮಾತ್ರ ಉಳಿದಿರುವಾಗಲೂ ಕಡಲನ್ನು ಸೇರಲೊಲ್ಲದೆ, ತೆಂಕಣಕ್ಕೆ ತಿರುಗಿ, ಮಿಕ್ಕ ನದಿಗಳನ್ನು ಕೂಡಿಕೊಂಡ ಮೇಲೆಯೇ ಗಂಗೊಳ್ಳಿಯ ಅಳಿವೆಯಲ್ಲಿ ಅದು ಸಮುದ್ರವನ್ನು ಪ್ರವೇಶಿಸುತ್ತದೆ. ಇದರ ಪರಿಣಾಮವಾಗಿ ಗಂಗೊಳ್ಳಿಗೆ ಪಡುವಣದಲ್ಲಿ ಉಪ್ಪುನೀರು, ಮೂಡಣದಲ್ಲಿ ಹೊಳೆ, ತೆಂಕಣದಲ್ಲಿ ಎರಡೂ ಕಲೆತ ಅಳಿವೆ. ನೆಲದ ಹಾದಿ ಬಡಗಣದಿಂದ ಮಾತ್ರ.

ಕುಂದಾಪುರದ ನೀರಂಚಿನಲ್ಲಿ ನಿಂತರೆ ಎದುರಿನ ದಡದ ದೋಣಿಗಳು, ಅವುಗಳ ಬಣ್ಣದ ಸಮೇತ, ನಿಚ್ಚಳವಾಗಿ ಕಾಣಿಸುತ್ತವೆ. ನಾನು ಗಂಗೊಳ್ಳಿಯನ್ನು ಈವರೆಗೆ ನೋಡಿರುವುದು ಹಾಗೆ, ಆಚೆ ದಡದಿಂದ. ಆದರೆ ರಸ್ತೆಯಿಂದ ಹೋಗತಕ್ಕವನು 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು ಹೆಮ್ಮಾಡಿಯನ್ನು ದಾಟಿ, ಅರಾಟೆಯ ಸೇತುವೆಯನ್ನು ಹಾದು, ಮುಳ್ಳಿಕಟ್ಟೆಯಲ್ಲೋ ತ್ರಾಸಿಯಲ್ಲೋ ಎಡಕ್ಕೆ ಹೊರಳಿ, ಬಂದ ದಿಕ್ಕಿಗೇ ಮರಳಿ ತೆಂಕಣಕ್ಕೆ ಸಾಗಬೇಕು. ಸುಮಾರು 15 ಕಿಲೋಮೀಟರಿನ ಸುತ್ತು. ಎರಡು ದಡಗಳಿಗೂ ನೇರವಾಗಿ ಸೇತುವೆಯೊಂದಾಗಬೇಕೆಂಬುದು ಅಲ್ಲಿಯ ಜನರ ಬಹುಕಾಲದ ಬೇಡಿಕೆ. ಶಾಲೆಗೆ, ಆಸ್ಪತ್ರೆಗೆ, ಕಚೇರಿಗೆ ನಿತ್ಯವೂ ಸುತ್ತಿ ಬರುವವರ ಬವಣೆಯನ್ನು ನೆನೆದರೆ ಆ ಬೇಡಿಕೆಯು ನ್ಯಾಯವಾದುದೇ. ವಿರಾಮದಲ್ಲಿ ಹೋಗುವ ನನ್ನಂಥವನಿಗೆ ಮಾತ್ರ ಆ ಸುತ್ತುದಾರಿಯೇ ಹಿತವೆಂದು ತೋರುವುದು. ಈ ಹಿತವು ಪರರ ಕಷ್ಟದ ಮೇಲೆ ನಿಂತಿದೆಯೆಂಬ ಅರಿವೂ ಜೊತೆಗಿದೆ.

ಹೊರಡುವ ದಿನವನ್ನು ನಿಶ್ಚಯಿಸುವ ಮುನ್ನ ಅಲ್ಲಿಯವನೇ ಆದ ಗೆಳೆಯನೊಬ್ಬನಿಗೆ ಬರೆದು ಕೇಳಿದೆನು. ಕುಂದಾಪುರದ ಕನ್ನಡದಲ್ಲಿ ಮಾತನ್ನು ಮೊಟಕುಗೊಳಿಸುವಂತೆಯೇ ಬರವಣಿಗೆಯನ್ನೂ ಮೊಟಕುಗೊಳಿಸುವ ಅವನಿಂದ ಬಂದ ಉತ್ತರ ಇಷ್ಟೇ: ನನ್ನನ್ನು ನೋಡಲಿಕ್ಕಾದರೆ ಯಾವಾಗಲಾದರೂ ಬಾ, ದೋಣಿಯನ್ನು ನೋಡಲಿಕ್ಕಾದರೆ ಕಡಲನ್ನು ಕೇಳಿ ಬಾ. ಈ ಎರಡನೆಯ ವಾಕ್ಯವು ಮೊದಲಿಗೆ ಕವಿತ್ವದಂತೆ ತೋರಿದರೂ, ವಿಚಾರಿಸುತ್ತ ಹೋದಂತೆ ಅದು ಶುದ್ಧ ವ್ಯವಹಾರದ ಮಾತೆಂಬುದು ಮನದಟ್ಟಾಯಿತು. ನಾವು ನಮ್ಮ ರಜೆಯನ್ನು ಮುಂದಿಟ್ಟುಕೊಂಡು ಊರುಗಳನ್ನು ಅದರೊಳಗೆ ತುರುಕುವ ಪದ್ಧತಿ ಬೆಟ್ಟಗಳ ವಿಷಯದಲ್ಲಿ, ಗುಡಿಗಳ ವಿಷಯದಲ್ಲಿ ಹೇಗೋ ನಡೆದುಹೋಗುತ್ತದೆ, ಏಕೆಂದರೆ ಅವು ನಾವು ಬರುವವರೆಗೂ ಅಲ್ಲಿಯೇ ಇರುತ್ತವೆ. ಮೀನುಗಾರರ ಊರೆಂಬುದು ಹಾಗಲ್ಲ; ಅದರ ಅರ್ಧಭಾಗವು ಸದಾ ನೀರಿನ ಮೇಲಿರುತ್ತದೆ, ಅದು ದಡಕ್ಕೆ ಬರುವ ಹೊತ್ತನ್ನು ಗೊತ್ತುಪಡಿಸುವವರು ಬೇರೆ.

ಮೊದಲನೆಯ ನಿರ್ಬಂಧವು ಋತುವಿನದು, ಜೊತೆಗೆ ಸರಕಾರದ್ದು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮುಂಗಾರಿನ ಈ ತಿಂಗಳುಗಳು ಅನೇಕ ಜಾತಿಯ ಮೀನುಗಳಿಗೆ ಸಂತಾನವೃದ್ಧಿಯ ಕಾಲ. ಕಡಲೂ ಆಗ ಪ್ರಕ್ಷುಬ್ಧ. ಕರ್ನಾಟಕದ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ 1986ರ ಅಧಿನಿಯಮದ ಬಲದಿಂದ ಈ ನಿಷೇಧವು ಜಾರಿಗೆ ಬರುತ್ತದೆ. ಆಗ ಹೋದರೆ ಕಾಣತಕ್ಕದ್ದೇನೆಂದರೆ, ಒಂದರ ಪಕ್ಕಕ್ಕೊಂದು ಒತ್ತಿ ಕಟ್ಟಿಹಾಕಿದ ಬೋಟುಗಳ ಸಾಲು, ಅವುಗಳ ಮೇಲೆ ಹೊದಿಸಿದ ತೆಂಗಿನ ಗರಿ ಅಥವಾ ತಾಡಪಾಲು, ಬಲೆ ದುರಸ್ತಿ ಮಾಡುತ್ತ ಕುಳಿತ ಗಂಡಸರು. 10 ಅಶ್ವಶಕ್ತಿಗೆ ಮೀರದ ಯಂತ್ರವುಳ್ಳ ನಾಡದೋಣಿಗಳಿಗೆ ಮಾತ್ರ ವಿನಾಯಿತಿಯುಂಟು. ಅವರಾದರೂ ಮಳೆ ಬಿದ್ದ ಕೂಡಲೆ ಹೊರಡುವವರಲ್ಲ. ಕಡಲಿಗೆ ಒಮ್ಮೆ ತೂಫಾನ್ ಆಗಬೇಕು, ತಳ ಮೇಲಾಗುವಂತೆ ನೀರು ಕದಡಬೇಕು, ಆ ಬಳಿಕ ಕಡಲು ತುಸು ಶಾಂತವಾದಾಗ ಸಿಗಡಿಯೂ ಮೀನೂ ದಡದ ಸಮೀಪಕ್ಕೆ ಬರುತ್ತವೆಂಬುದು ಅವರ ಅನುಭವ. ನಾವು ಘಟ್ಟದ ಮೇಲಿನವರು ಬಿರುಗಾಳಿಯ ಸುದ್ದಿ ಕೇಳಿ ಮರುಗುವ ಹೊತ್ತಿನಲ್ಲಿ, ಅದು ಇನ್ನೂ ಬಾರದಲ್ಲಾ ಎಂದು ಆಕಾಶವನ್ನು ನೋಡುತ್ತ ಕುಳಿತ ಜನ ಕೆಳಗಿದ್ದಾರೆ.

ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಉಡುಪಿ ಜಿಲ್ಲೆಯ ಮಳೆಗಾಲವನ್ನೇ ನೋಡಬೇಕೆನ್ನುವವರಿಗೆ ನನ್ನ ವಿರೋಧವಿಲ್ಲ. ನೋಡಲಿ. ಕೊಡೆಯನ್ನು ನಂಬಿ ಹೋಗದಿರಲಿ.

ಆಗಸ್ಟ್ ಮೊದಲಾದ ಮೇಲೂ ಒಡನೆ ಎಲ್ಲವೂ ಸರಾಗವಾಗುತ್ತದೆಂದು ಭಾವಿಸತಕ್ಕದ್ದಲ್ಲ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಈ ಕರಾವಳಿಯ ಮೀನುಗಾರರು ಸಮುದ್ರ ಪೂಜೆಯನ್ನು ಮಾಡಿ, ಹಾಲನ್ನೂ ತೆಂಗಿನಕಾಯಿಯನ್ನೂ ಕಡಲಿಗೆ ಅರ್ಪಿಸುವ ವಾಡಿಕೆಯಿದೆ. ಕಾನೂನು ಕೊಟ್ಟ ಅನುಮತಿಯನ್ನು ಕಡಲಿನಿಂದಲೂ ಒಮ್ಮೆ ಕೇಳಿ ಪಡೆಯುವ ಈ ಕ್ರಮದಲ್ಲಿ ನನಗೆ ಯಾವ ಮೌಢ್ಯವೂ ಕಾಣಿಸದು. ಅಳಿವೆಯ ಬಾಯಿಯನ್ನು ದಾಟಿದ ಮೇಲೆ ಅಧಿನಿಯಮವು ಯಾರನ್ನೂ ಎತ್ತಿ ಹಿಡಿಯಲಾರದಷ್ಟೆ.

ಎರಡನೆಯ ನಿರ್ಬಂಧವು ಚಂದ್ರನದು. ಭರತ-ಇಳಿತಗಳೆಂಬ ಕಡಲಿನ ಏರುಪೇರು ದಿನಕ್ಕೆ ಎರಡೆರಡು ಬಾರಿ ಆಗುವುದೂ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷಗಳಷ್ಟು ತಡವಾಗಿ ಬರುವುದೂ ಶಾಲೆಯಲ್ಲಿ ಓದಿದ ವಿಷಯವೇ. ಆದರೆ ಅದನ್ನು ಆಧರಿಸಿ ದಿನಚರಿಯನ್ನು ಕಟ್ಟಿಕೊಂಡ ಊರನ್ನು ಕಂಡಾಗ ಮಾತ್ರ ಅದರ ಅರ್ಥ ತಿಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಜುಬಾಜಿನಲ್ಲಿ ಭರತವು ಪ್ರಬಲ, ಅಷ್ಟಮಿಯ ಸುತ್ತಿನಲ್ಲಿ ಮಂದ. ಆದುದರಿಂದ ಗೋಡೆಯ ಪಂಚಾಂಗದ ತಿಥಿಯನ್ನು ಓದಬಲ್ಲವನಿಗೆ ನೀರಿನ ಏರಿಳಿತದ ಸ್ಥೂಲ ಲೆಕ್ಕವು ಸಿಕ್ಕಂತೆಯೇ. ಐದು ನದಿಗಳ ನೀರು ಇಳಿತದೊಡನೆ ಹೊರಕ್ಕೆ ನುಗ್ಗುವಾಗ, ಹೊರಗಿನಿಂದ ಬರುವ ತೆರೆಗಳು ಅದಕ್ಕೆ ಎದುರಾಗಿ, ಅಳಿವೆಯ ಬಾಯಲ್ಲಿ ಮರಳು ಕಟ್ಟಿದ ದಿಣ್ಣೆಯ ಮೇಲೆ ಮುರಿದು ಬೀಳುತ್ತವೆ. ಮನೆಯ ಬಾಗಿಲಿಗೆ ಬಂದ ದೋಣಿಯು ಹೊಸ್ತಿಲಿನಲ್ಲಿ ಮಗುಚುವ ಅಪಾಯವಿರುವುದು ಇಲ್ಲಿಯೇ. ಅದನ್ನು ತಡೆಯಲೆಂದು ಅಳಿವೆಗೆ ಕಲ್ಲಿನ ತಡೆಗೋಡೆಗಳನ್ನು ಕಟ್ಟಿದ್ದಾರೆ. ಆದರೂ ದೋಣಿಯನ್ನು ನಡೆಸುವ ತಂಡೇಲನಾದವನು ತೆರೆಗಳನ್ನು ಎಣಿಸಿ, ಎರಡು ದೊಡ್ಡ ತೆರೆಗಳ ನಡುವಿನ ಬಿಡುವನ್ನು ಹಿಡಿದು ಒಳಕ್ಕೆ ನುಗ್ಗುವ ವಿದ್ಯೆಯನ್ನು ಕಲಿತಿರಲೇಬೇಕು. ಗೆಳೆಯನು ನನ್ನನ್ನು ಮೊಟ್ಟಮೊದಲಿಗೆ ಈ ಅಳಿವೆಬಾಗಿಲನ್ನು ನೋಡಲು ಕರೆದೊಯ್ಯುವುದಾಗಿ ಹೇಳಿದ್ದಾನೆ. ಊರಿನಲ್ಲಿ ದೇವಸ್ಥಾನವೂ ಇಗರ್ಜಿಯೂ ಮಸೀದಿಯೂ ಇರುವಾಗ, ಅವನು ಇದನ್ನು ಮೊದಲಿಗಿಟ್ಟದ್ದು ನನಗೆ ಒಪ್ಪಿಗೆಯಾಯಿತು.

ಇನ್ನು ದಕ್ಕೆ. ಹೊತ್ತು ಹುಟ್ಟುವ ಮೊದಲೇ ಏಳಬೇಕಾದದ್ದು ಅದಕ್ಕಾಗಿ. ಟ್ರಾಲ್ ಬೋಟುಗಳಲ್ಲಿ ಆಳಸಮುದ್ರಕ್ಕೆ ಹೋಗತಕ್ಕವು ಮಂಜುಗಡ್ಡೆ, ಡೀಸೆಲ್, ಅಕ್ಕಿ, ಸಿಹಿನೀರುಗಳನ್ನು ತುಂಬಿಕೊಂಡು ಹೋಗಿ ಹಲವು ದಿನ ಕಳೆದು ಮರಳುತ್ತವೆ; ಪರ್ಸೀನ್ ಬೋಟುಗಳು ಸಾಮಾನ್ಯವಾಗಿ ಹೋದ ದಿನವೇ ಹಿಂದಿರುಗುತ್ತವೆ; ಪಾತಿದೋಣಿಯವನು ಬೀಡುಬಲೆಯನ್ನು ಬಿಟ್ಟು ಬಂದು ಹೊತ್ತಿಗೆ ಸರಿಯಾಗಿ ಎಳೆಯಲು ಹೋಗುತ್ತಾನೆ. ಈ ಎಲ್ಲರ ದುಡಿಮೆಯೂ ಕಡೆಗೆ ಬಂದು ಬೀಳುವುದು ಒಂದೇ ಕಟ್ಟೆಯ ಮೇಲೆ. ಬಂಗುಡೆ, ಬೈಗೆ, ಅಂಜಲ್, ಮಾಂಜಿ, ಕಾಣೆ, ಸಿಗಡಿ, ನಂಗು, ತೊರಕೆ ಎಂಬ ಹೆಸರುಗಳನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನಾದರೂ, ಅವನ್ನು ಕಂಡು ಗುರುತಿಸುವ ಸಾಮರ್ಥ್ಯವು ನನಗಿನ್ನೂ ಬಂದಿಲ್ಲ. ಹರಾಜು ಕೂಗುವವನ ನಾಲಗೆಯ ವೇಗಕ್ಕೆ ಮನಸ್ಸು ಹೊಂದಿಕೊಳ್ಳುವಷ್ಟರಲ್ಲಿ ರಾಶಿಯು ಮಾರಿಹೋಗಿ, ಮತ್ತೊಂದು ರಾಶಿಯು ಸುರಿದಿರುತ್ತದೆಂದು ಕೇಳಿದ್ದೇನೆ. ಮೀನುಗಾರರಾದ ಖಾರ್ವಿಗಳ ಕೊಂಕಣಿ, ಕುಂದಾಪುರದ ಕನ್ನಡ, ಮುಸಲ್ಮಾನ ವ್ಯಾಪಾರಿಗಳ ಉರ್ದು, ಇವೆಲ್ಲ ಅಲ್ಲಿ ಬೆರೆತು ಕೇಳಿಬರುತ್ತವೆ. ಗಂಡಸರ ಕೆಲಸ ದೋಣಿಯಿಂದಿಳಿದಲ್ಲಿಗೆ ಬಹುಮಟ್ಟಿಗೆ ಮುಗಿದರೆ ಹೆಂಗಸರದು ಅಲ್ಲಿಂದಲೇ ಆರಂಭ: ಆರಿಸುವುದು, ಕೊಳ್ಳುವುದು, ಬುಟ್ಟಿಯನ್ನು ಹೊತ್ತು ಊರೂರು ಮಾರುವುದು, ಉಳಿದುದಕ್ಕೆ ಉಪ್ಪು ಹಾಕಿ ಒಣಗಿಸುವುದು. ಮೀನುಗಾರಿಕೆಯನ್ನು ಕುರಿತು ಬರೆದವರಲ್ಲಿ ಅನೇಕರು ಕಡಲಿನ ಸಾಹಸವನ್ನು ವರ್ಣಿಸಿ ಕೈತೊಳೆದುಕೊಂಡು, ಹಣವನ್ನು ಮನೆಗೆ ತರುವ ಈ ಉತ್ತರಾರ್ಧವನ್ನು ಮರೆಯುವುದು ನ್ಯಾಯವಲ್ಲ.

ನೋಡಬೇಕೆಂದರೂ ಈಗ ನೋಡಸಿಗದ ಒಂದು ಸಂಗತಿಯೆಂದರೆ ರಂಪಣಿಯ ವೈಭವ. ಮೀನಿನ ಹಿಂಡನ್ನು ಕಂಡೊಡನೆ ದೋಣಿಯೊಂದು ಬಲೆಯನ್ನು ಬಿಡುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ ಬರಲು, ಎರಡೂ ತುದಿಗಳ ಹಗ್ಗವನ್ನು ಹಿಡಿದು ಹತ್ತಾರು ಮಂದಿ ದಡದಿಂದ ಎಳೆಯುತ್ತಿದ್ದರು. ಬಲೆಯು ಊರಿನದು, ಎಳೆತವೂ ಊರಿನದು, ಪಾಲೂ ಊರಿನದು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ಈ ಕರಾವಳಿಗೆ ಬಂದು, ಹಿಂಡು ದಡವನ್ನು ಸಮೀಪಿಸುವ ಮೊದಲೇ ಅದನ್ನು ದೂರದಲ್ಲಿ ಸುತ್ತುವರಿಯತೊಡಗಿದ ಮೇಲೆ ರಂಪಣಿಯು ಸೊರಗಿತು. ಅಂದು ದೊಡ್ಡ ಜಗಳಗಳೇ ಆದುವು. ಇಂದು ಪರ್ಸೀನಿನವರೂ ಬೈಗೆ ಸಿಗದ ವರ್ಷಗಳನ್ನು ಕಂಡಿದ್ದಾರೆ. ಕೈರಂಪಣಿಯೆಂಬ ಕಿರಿಯ ಬಲೆಯನ್ನು ಮಾತ್ರ ಕೆಲವು ಕಡೆ ಈಗಲೂ ಎಳೆಯುತ್ತಾರೆ. ಅದೃಷ್ಟವಿದ್ದರೆ ತ್ರಾಸಿಯ ಮರಳಿನಲ್ಲೋ ಮರವಂತೆಯಲ್ಲೋ ಕಂಡೀತು.

ಹೋಗುವ ಬಗೆಯನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿಯ ರೈಲಿಗೆ ಪಂಚಗಂಗಾ ಎಂದೇ ಹೆಸರು. ಅದರಲ್ಲಿ ಕುಂದಾಪುರಕ್ಕೆ ಇಳಿಯಬಹುದು. ಶಿವಮೊಗ್ಗದ ಕಡೆಯವರಿಗೆ ಹುಲಿಕಲ್ ಘಾಟಿಯುಂಟು. ಕುಂದಾಪುರದಲ್ಲಿ ತಂಗಿ ಗಂಗೊಳ್ಳಿಗೆ ಬಸ್ಸಿನಲ್ಲಿ ಹೋಗಿಬರುವುದು ಸುಲಭ. ಬಸರೂರನ್ನೂ ಈ ಯಾತ್ರೆಗೆ ಸೇರಿಸಿಕೊಳ್ಳುವ ಆಸೆ ನನಗೆ ಬಹಳವಾಗಿತ್ತು: ಒಂದು ಕಾಲದಲ್ಲಿ ಅಕ್ಕಿಯನ್ನು ಹೊರದೇಶಗಳಿಗೆ ಕಳುಹುತ್ತಿದ್ದ, ಪೋರ್ಚುಗೀಸರು ಬಯಸಿ ಹಿಡಿದ, 1665ರಲ್ಲಿ ಶಿವಾಜಿಯು ನೌಕಾಸೈನ್ಯದೊಡನೆ ಬಂದು ಕೊಳ್ಳೆಹೊಡೆದ ಆ ಪಟ್ಟಣವು ಈಗ ವಾರಾಹಿಯ ದಡದಲ್ಲಿ ಗುಡಿಗಳನ್ನೂ ಕೆರೆಗಳನ್ನೂ ಇಟ್ಟುಕೊಂಡು ಶಾಂತವಾಗಿದೆ. ಆದರೆ ಒಂದೇ ಹೋಗಾಟದಲ್ಲಿ ಎರಡು ಊರನ್ನು ನೋಡಿದರೆ ಎರಡನ್ನೂ ನೋಡದ ಫಲ ದೊರೆಯುವುದರಿಂದ ಬಸರೂರನ್ನು ಪಟ್ಟಿಯಿಂದ ತೆಗೆದುಹಾಕಿದ್ದೇನೆ.

ಕಡೆಗೆ ಗೊತ್ತುಮಾಡಿಕೊಂಡದ್ದು ಕಾರ್ತಿಕ ಮಾಸವನ್ನು. ಮಳೆ ಹಿಂದೆ ಸರಿದಿರುತ್ತದೆ, ಹೊಳೆಗಳಲ್ಲಿ ಇನ್ನೂ ನೀರಿರುತ್ತದೆ, ದೋಣಿಗಳು ಕೆಲಸದಲ್ಲಿರುತ್ತವೆ. ನನಗಿಂತ ಮೊದಲೇ ಹೊರಡುವ ಓದುಗರು ಯಾರಾದರೂ ಇದ್ದರೆ ಅವರಲ್ಲಿ ಒಂದು ವಿಜ್ಞಾಪನೆ: ದಕ್ಕೆಯ ಮೇಲೆ ನಿಂತು ಚಿತ್ರ ತೆಗೆದುಕೊಳ್ಳುವಾಗ ಬುಟ್ಟಿ ಹೊತ್ತು ಬರುವವರಿಗೆ ಅಡ್ಡವಾಗಬೇಡಿ; ಮಂಜುಗಡ್ಡೆ ಕರಗುವುದರೊಳಗಾಗಿ ಆ ಮೀನು ಲಾರಿಯನ್ನು ಸೇರಬೇಕಾಗಿರುತ್ತದೆ.